ಚಾಂಪಿಯನ್ ರೀಫ್‌ನ ನ್ಯೂಟ್ರಿನೊ: ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ,

ನಮಸ್ಕಾರಗಳು.

ಕೆಜಿಎಫ್‌ನ ಸೈನೈಡ್ ಗುಡ್ಡಗಳಲ್ಲಿ, ಅಂದರೆ ಅದಿರಿನಿಂದ ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ರಾಶಿಗಳಲ್ಲಿ, ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆಗೂ ಮಿಕ್ಕ ಜಾಗ, ಹದಿಮೂರು ಗುಡ್ಡಗಳು. ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗಿಬಂದು ಹೊಟ್ಟೆ ಹೊರೆಯುವ ಊರು ಅದು. ಅಲ್ಲಿ ನಾಲ್ಕು ಜನಕ್ಕೆ ಕೆಲಸ ಸಿಗುವುದಾದರೆ ಅಡ್ಡಗಾಲು ಹಾಕುವ ಮನಸ್ಸು ನನಗಿಲ್ಲ. ನನ್ನ ಕೇಳಿಕೆ ಬೇರೆ. ಗುಡ್ಡ ಕರಗಿ, ಅಳಿದುಳಿದ ಕಟ್ಟಡ ಮತ್ತು ಯಂತ್ರಗಳು ಗುಜರಿಯ ಲಾರಿ ಹತ್ತುವ ಮೊದಲು, ಆ ಗಣಿಯ ಆಳದಲ್ಲಿ ನಾಲ್ಕು ದಶಕ ನಡೆದ ಭೌತವಿಜ್ಞಾನದ ಪ್ರಯೋಗಗಳ ಕುರುಹುಗಳನ್ನು ಗುರುತಿಸಿ ದಾಖಲಿಸಬೇಕು. ಈ ಕೆಲಸವನ್ನು ಗಣಿ ಇಲಾಖೆಯಿಂದ ನಿರೀಕ್ಷಿಸಲಾಗದು. ನಿಮ್ಮ ಇಲಾಖೆಯೇ ಮುಂದಾಗಬೇಕು.

ವಿಷಯ ಹಳೆಯದು, ಆದರೆ ಸುದ್ದಿ ಹೊಸದು. 2023ರ ಫೆಬ್ರುವರಿ 13ರಂದು ಮೆಡಿಟರೇನಿಯನ್ ಸಮುದ್ರದ ತಳದಲ್ಲಿರುವ ಕೆಎಂ3ನೆಟ್ ಎಂಬ ದೂರದರ್ಶಕಕ್ಕೆ ವಿದ್ಯುದಾವೇಶವಿಲ್ಲದ, ಬಂಡೆಯನ್ನೂ ಸಾಮಾನ್ಯವಾಗಿ ಸಲೀಸಾಗಿ ತೂರಿಹೋಗುವ ಅತಿ ಹಗುರ ಕಣವಾದ ನ್ಯೂಟ್ರಿನೊ ಒಂದರ ಸುಳಿವು ಸಿಕ್ಕಿತು. ಅದರ ಶಕ್ತಿ ಸುಮಾರು 220 ಪೆಟಾ ಎಲೆಕ್ಟ್ರಾನ್ ವೋಲ್ಟ್ ಎಂದು ವಿಜ್ಞಾನಿಗಳು ಅಂದಾಜಿಸಿದರು. ಜಿನೀವಾದ ಬಳಿ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಮಹಾಯಂತ್ರದಲ್ಲಿ ಅವುಗಳಿಗೆ ಕೊಡುವ ಶಕ್ತಿಗಿಂತ ಇದು ಹತ್ತಾರು ಸಾವಿರ ಪಟ್ಟು ಹೆಚ್ಚು. ಆಕಾಶದ ಯಾವ ಕುಲುಮೆಯಿಂದ ಇಂಥ ಕಣ ಹೊರಬರುತ್ತದೆ ಎಂಬುದು ಇಂದಿನ ಖಭೌತ ವಿಜ್ಞಾನದ ದೊಡ್ಡ ಒಗಟು. 2025ರ ಆಗಸ್ಟ್‌ನಲ್ಲಿ ಚೀನಾದ ಜೂನೊ ವೀಕ್ಷಣಾಲಯ, ನೆಲದಡಿ 700 ಮೀಟರ್ ಆಳದಲ್ಲಿ ಇಪ್ಪತ್ತು ಸಾವಿರ ಟನ್ ಮಿನುಗುದ್ರವ (ಕಣ ಬಡಿದರೆ ಬೆಳಕು ಚಿಮ್ಮಿಸುವ ದ್ರವ) ತುಂಬಿಕೊಂಡು ಕೆಲಸ ಆರಂಭಿಸಿತು. ಪ್ರಕೃತಿಯಲ್ಲಿ ತಾನಾಗಿ ಹುಟ್ಟುವ ನ್ಯೂಟ್ರಿನೊಗಳನ್ನು ಹಿಡಿಯುವ ಈ ವಿದ್ಯೆಯ ಮೊದಲ ಪಾಠ ನಡೆದ ಎರಡು ಜಾಗಗಳಲ್ಲಿ ಒಂದು ಕೋಲಾರ ಜಿಲ್ಲೆಯಲ್ಲಿದೆ.

ನಡೆದದ್ದು ಇಷ್ಟು. ಹೊರಗಿನಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯುವಾನ್ ಎಂಬ ಕಣಗಳು ಹುಟ್ಟಿ ಕೆಳಗಿಳಿಯುತ್ತವೆ. ನೀವು ಈ ಪತ್ರ ಹಿಡಿದಿರುವ ಅಂಗೈಯ ಮೂಲಕ ಸೆಕೆಂಡಿಗೆ ಒಂದರಂತೆ ಅವು ಹಾದುಹೋಗುತ್ತಿವೆ. ನೆಲದಡಿ ಇಳಿದಷ್ಟೂ ಬಂಡೆ ಅವನ್ನು ನುಂಗುತ್ತ ಹೋಗುತ್ತದೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಎಂದು ಅಳೆಯಲು ಹೋಮಿ ಭಾಭಾ ಅವರು 1951ರಲ್ಲಿ ಕೆಜಿಎಫ್‌ಗೆ ಕಳಿಸಿದ್ದು ಮೈಸೂರು ಸೀಮೆಯ ಯುವಕ ಬಿ.ವಿ. ಶ್ರೀಕಂಠನ್ ಅವರನ್ನು. ಮುಂದೆ ಶ್ರೀಕಂಠನ್ ಅವರೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಅರವತ್ತರ ದಶಕದ ಆರಂಭದಲ್ಲಿ ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ, ಜಪಾನಿನ ಮಿಯಾಕೆ ಅವರೂ ಸೇರಿದ ತಂಡ ಇನ್ನೂ ಕೆಳಗಿಳಿಯಿತು. ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ. ಬೇರೆಯವರಾಗಿದ್ದರೆ ಪ್ರಯೋಗ ಮುಗಿಯಿತೆಂದು ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರಿಗೆ ಮಾತ್ರ ಆ ಸೊನ್ನೆಯೇ ಬೇಕಾಗಿತ್ತು. ಮೇಲಿನ ಗದ್ದಲ ಇಷ್ಟು ಪೂರ್ತಿಯಾಗಿ ಅಡಗುವ ಜಾಗದಲ್ಲಿ ಏನಾದರೂ ಮಿನುಗಿದರೆ ಅದನ್ನು ನ್ಯೂಟ್ರಿನೊದ ಕೆಲಸವೆಂದು ಧೈರ್ಯವಾಗಿ ಹೇಳಬಹುದಿತ್ತು.

ಉಪಕರಣ ಜೋಡಿಸಿದ ರೀತಿಯನ್ನು ನೋಡಿದರೆ ಈಗಲೂ ತಲೆದೂಗಬೇಕು ಎನಿಸುತ್ತದೆ. ಕಣ ಬಡಿದರೆ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಎದುರುಬದುರಾಗಿ ಎರಡು ಗೋಡೆಗಳಂತೆ ನಿಲ್ಲಿಸಿದರು; ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳು, ಅವುಗಳ ಮುಂದೆ ಕ್ಯಾಮೆರಾ. ಮೇಲಿನಿಂದ ಹೇಗೋ ನುಸುಳಿ ಬರುವ ಮ್ಯುವಾನ್ ಬಹುತೇಕ ನೆಟ್ಟಗೆ ಇಳಿಯುತ್ತದೆ, ಗೋಡೆಗಳ ಕಣ್ಣಿಗೆ ಬೀಳುವುದೇ ಅಪರೂಪ. ನ್ಯೂಟ್ರಿನೊ ಹಾಗಲ್ಲ, ಭೂಮಿಯನ್ನೇ ತೂರಿ ಯಾವ ದಿಕ್ಕಿನಿಂದ ಬೇಕಾದರೂ ಬರಬಹುದು. ಅಂಥದ್ದೊಂದು ಪಕ್ಕದ ಬಂಡೆಯಲ್ಲಿ ಡಿಕ್ಕಿ ಹೊಡೆದು ಮ್ಯುವಾನನ್ನು ಹುಟ್ಟಿಸಿದರೆ ಆ ಮ್ಯುವಾನ್ ಅಡ್ಡಡ್ಡ ಹಾಯುತ್ತದೆ. ಎರಡು ಗೋಡೆಗಳೂ ಒಟ್ಟಿಗೆ ಮಿನುಗುತ್ತವೆ, ಕೊಳವೆಗಳು ಸಾಲಾಗಿ ಬೆಳಗುತ್ತವೆ, ಫಿಲ್ಮಿನ ಮೇಲೆ ಚುಕ್ಕಿಗಳ ಗೆರೆಯೊಂದು ಮೂಡುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ (ಗಣಿಗೆ ಇಳಿಯುವ ಬಾವಿಯ) ಕಡೆ, 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಆ ಗೆರೆ ಮೂಡಿತು. ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜಂಟಿ ಪ್ರಬಂಧ ಆ ವರ್ಷದ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದೇ ಬೇಟೆಗೆ ಕೂತಿದ್ದ ಫ್ರೆಡರಿಕ್ ರೈನ್ಸ್ ತಂಡದ ಪ್ರಬಂಧ ಬಂದದ್ದು ಎರಡು ವಾರದ ಬಳಿಕ. ಅವರಿಗೆ ಕಣ ಸಿಕ್ಕಿದ್ದು ನಮಗಿಂತ ತುಸು ಮೊದಲು ಎಂಬುದನ್ನೂ ಹೇಳಿಬಿಡಬೇಕು. ಭಾಷಣ ಬರೆಯುವವರು ಆ ಭಾಗವನ್ನು ಬಿಟ್ಟುಬಿಡುವುದುಂಟು.

ಈ ಪ್ರಬಂಧಗಳಲ್ಲಿ ಹೆಸರಿಲ್ಲದವರ ಮಾತನ್ನೂ ಹೇಳುತ್ತೇನೆ. ಪ್ರಯೋಗಶಾಲೆಗೆಂದು ಬಂಡೆ ಸಿಡಿಸಿದವರು, ಕೇಜಿನಲ್ಲಿ (ಗಣಿಯ ಲಿಫ್ಟಿನಲ್ಲಿ) ಫಲಕಗಳನ್ನೂ ಆಮೇಲೆ ಟನ್ನುಗಟ್ಟಲೆ ಕಬ್ಬಿಣವನ್ನೂ ಇಳಿಸಿದವರು, ತಂತಿ ಎಳೆದವರು, ದಿನವೂ ಕೆಳಗಿಳಿದು ಫಿಲ್ಮ್ ಬದಲಿಸಿದವರು ಆ ಊರಿನ ಜನ. ತಮಿಳು, ತೆಲುಗು, ಕನ್ನಡ ಬೆರೆತ ಲೈನ್ಸ್ ಮನೆಗಳವರು, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳವರು. ಗಣಿಯ ತಳದಲ್ಲಿ ಬಂಡೆಯ ಬಿಸಿ ಅರವತ್ತು ಡಿಗ್ರಿ ದಾಟುತ್ತಿತ್ತು, ಬಂಡೆ ಇದ್ದಕ್ಕಿದ್ದಂತೆ ಸಿಡಿದು ಜೀವ ತೆಗೆಯುವುದೂ ಇತ್ತು. ಅವರಲ್ಲಿ ಬದುಕಿರುವವರಿಗೆ ಈಗ ವಯಸ್ಸಾಗಿದೆ.

1980ರಲ್ಲಿ ಅಲ್ಲೇ ಇನ್ನೊಂದು ಸಾಹಸ ಶುರುವಾಯಿತು. ಪ್ರೋಟಾನ್ ಎಂದಾದರೂ ಒಡೆಯುತ್ತದೆಯೇ ಎಂದು ತಿಳಿಯಲು 140 ಟನ್ ಕಬ್ಬಿಣದ ಹಲಗೆಗಳ ನಡುವೆ ಎಣಿಕೆಯ ಕೊಳವೆಗಳನ್ನು ಜೋಡಿಸಿ ಕಾದರು. ಕೆಲವು ಘಟನೆಗಳು ಒಡೆದಂತೆಯೇ ಕಂಡವು, ಬೇರೆ ದೇಶಗಳ ದೊಡ್ಡ ಉಪಕರಣಗಳು ಅದನ್ನು ಒಪ್ಪಲಿಲ್ಲ. ಪ್ರೋಟಾನ್ ಇವತ್ತಿನವರೆಗೂ ಒಡೆದು ಸಿಕ್ಕಿಲ್ಲ. ಇದೇ ಪ್ರಶ್ನೆಗೆ ಜಪಾನಿನ ಕಾಮಿಯೊಕಾ ಗಣಿಯಲ್ಲಿ ಕಟ್ಟಿದ ನೀರಿನ ತೊಟ್ಟಿ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳನ್ನು ಹಿಡಿಯಿತು. ಅದರ ಮುಂದಿನ ತಲೆಮಾರಿನ ಉಪಕರಣ 1998ರಲ್ಲಿ ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇದೆ ಎಂದು ತೋರಿಸಿತು. ಎರಡು ನೊಬೆಲ್ ಆ ಗಣಿಗೆ ಸಂದವು. ನಮ್ಮ ಪ್ರಯೋಗಗಳು ತೊಂಬತ್ತರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರುವರಿ 28ರಂದು ಗಣಿಗೇ ಬೀಗ ಬಿತ್ತು, ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು.

ಇಲ್ಲೊಂದು ಹೋಲಿಕೆ ಸಚಿವರಾದ ನಿಮ್ಮ ಗಮನಕ್ಕೆ ಬರಬೇಕು. ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಚ್ಚಿತು. ಅಲ್ಲೂ 2003ರಲ್ಲಿ ಪಂಪು ನಿಲ್ಲಿಸಿದರು, ನೀರು ಏರಿತು. ಆದರೆ ಆ ರಾಜ್ಯದ ಶಾಸನಸಭೆ 2004ರಲ್ಲಿ ಇದಕ್ಕೆಂದೇ ಒಂದು ವಿಜ್ಞಾನ ಪ್ರಾಧಿಕಾರ ರಚಿಸಿ, 2006ರಲ್ಲಿ ಗಣಿಯನ್ನು ದಾನವಾಗಿ ಪಡೆದು, ನೀರು ಎತ್ತಿಸಿತು. ಜನಸಂಖ್ಯೆಯಲ್ಲಿ ಅದು ನಮ್ಮ ಒಂದು ಜಿಲ್ಲೆಗಿಂತಲೂ ಚಿಕ್ಕ ರಾಜ್ಯ. ಇವತ್ತು ಅಲ್ಲಿ ಡ್ಯೂನ್ ಎಂಬ ಬೃಹತ್ ನ್ಯೂಟ್ರಿನೊ ಪ್ರಯೋಗ ಕಟ್ಟುತ್ತಿದ್ದಾರೆ. ಭಾರತದ ವಿಜ್ಞಾನಿಗಳೂ ಅದರಲ್ಲಿದ್ದಾರೆ. ಕೇಂದ್ರದ ಮುಖ ನೋಡುತ್ತ ಕೂರದೆ ರಾಜ್ಯವೇ ಮೊದಲ ಹೆಜ್ಜೆ ಇಟ್ಟದ್ದರಿಂದ ಇದು ಸಾಧ್ಯವಾಯಿತು.

ಹಾಗೆಂದು ಚಾಂಪಿಯನ್ ರೀಫ್‌ನ ನೀರೆತ್ತಿಸಿ ಎಂದು ನಾನು ಕೇಳುತ್ತಿಲ್ಲ. ಕಾಲು ಶತಮಾನ ನೀರಲ್ಲಿ ನೆನೆದ, ಮೂರು ಕಿಲೋಮೀಟರ್ ಆಳದ ಗಣಿ ಅದು. ಖರ್ಚೂ ಅಪಾಯವೂ ಲೆಕ್ಕಕ್ಕೆ ಸಿಗುವಂಥವಲ್ಲ. ಇಂದಿನ ಉಪಕರಣಗಳಿಗೆ ಬೇಕಾದ ದೊಡ್ಡ ಗವಿಗೆ ಆ ಕಿರಿದಾದ ಶಾಫ್ಟುಗಳು ಒದಗುವುದೂ ಇಲ್ಲ. ತಮಿಳುನಾಡಿನ ಥೇಣಿಯಲ್ಲಿ ಬೆಟ್ಟ ಕೊರೆದು ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು 2015ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದರೂ ಸ್ಥಳೀಯರ ಮತ್ತು ಅಲ್ಲಿನ ಸರ್ಕಾರದ ವಿರೋಧದಿಂದ ಕೆಲಸ ಮೇಲೇಳಲಿಲ್ಲ. ಕಾಡು, ನೀರಿನ ಬಗ್ಗೆ ಅವರಿಗಿದ್ದ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕಿದವರಲ್ಲಿ ನಾನಿಲ್ಲ. ಜನಕ್ಕೆ ಮೊದಲೇ ವಿಷಯ ತಿಳಿಸದೆ ಬೆಟ್ಟಕ್ಕೆ ಕೈಹಾಕಿದರೆ ಆಗುವುದು ಹಾಗೆಯೇ.

ನಾನು ಕೇಳುವುದು ಅಗ್ಗದ್ದು. ಟಾಟಾ ಸಂಸ್ಥೆಗೆ ಪತ್ರ ಬರೆದು ಹಳೆಯ ಫಿಲ್ಮು, ನಕ್ಷೆ, ದಿನಚರಿ ಪುಸ್ತಕಗಳ ಪ್ರತಿಗಳನ್ನು ತರಿಸಿ. ಆ ಪ್ರಯೋಗಗಳಲ್ಲಿ ದುಡಿದು ಈಗಲೂ ಉರಿಗಾಂ, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಗಳಲ್ಲಿ ಇರುವವರನ್ನು ಹುಡುಕಿ, ಅವರ ಮಾತನ್ನು ಅವರವರ ಭಾಷೆಯಲ್ಲೇ ಧ್ವನಿಮುದ್ರಿಸಲು ಇಬ್ಬರು ಸಂಶೋಧಕರನ್ನು ನೇಮಿಸಿ. ಗಣಿಯ ಒಡೆತನದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಕೇಂದ್ರದ್ದು, ಜಾಗ ನಮ್ಮದಲ್ಲ ಎಂದು ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ಈ ಎರಡು ಕೆಲಸಗಳಿಗೆ ಒಂದಡಿ ಜಾಗವೂ ಬೇಡ. ಜಾಗ ಬೇಕಾಗುವುದು ಮೂರನೆಯದಕ್ಕೆ: ಕೆಜಿಎಫ್‌ನಲ್ಲಿ ಒಂದು ಸಣ್ಣ ವಿಜ್ಞಾನ ಕೇಂದ್ರ, ಅದರೊಳಗೆ ನಿಜವಾಗಿ ಕೆಲಸ ಮಾಡುವ ಮ್ಯುವಾನ್ ಎಣಿಕೆಯ ಉಪಕರಣ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಾದರಿಗಳು ನಮ್ಮಲ್ಲಿ ಸಾಕಷ್ಟಿವೆ, ಅವುಗಳ ಗುಂಡಿ ಒತ್ತಿದರೆ ದೀಪ ಹತ್ತುವುದೂ ಅಪರೂಪ. ಇಲ್ಲಿ ಮಕ್ಕಳೇ ಎಣಿಸಲಿ, ಚಾವಣಿಯ ಮೇಲೆ ಎಷ್ಟು, ನೆಲಮಾಳಿಗೆಯಲ್ಲಿ ಎಷ್ಟು, ಮಧ್ಯೆ ಸೀಸದ ಹಲಗೆ ಇಟ್ಟರೆ ಎಷ್ಟು ಎಂದು. 1951ರಲ್ಲಿ ಶ್ರೀಕಂಠನ್ ಮಾಡಿದ್ದು ಇದೇ ಲೆಕ್ಕದ ದೊಡ್ಡ ರೂಪ.

ಸೈನೈಡ್ ಗುಡ್ಡಗಳ ಗುತ್ತಿಗೆಯ ಕರಾರಿನಲ್ಲಿ, ಹೀತ್‌ಕೋಟ್ ಶಾಫ್ಟಿನ ಸುತ್ತಲಿನ ಜಾಗವನ್ನು ದಾಖಲಾತಿ ಮುಗಿಯುವವರೆಗೆ ಮುಟ್ಟಬಾರದು ಎಂಬ ಒಂದು ಸಾಲನ್ನು ಸೇರಿಸುವಂತೆ ಕೇಂದ್ರ ಗಣಿ ಸಚಿವಾಲಯಕ್ಕೆ ನೀವು ಬರೆಯಬೇಕೆಂದು ಕೋರುತ್ತೇನೆ. ಆ ಪತ್ರದ ಪ್ರತಿಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಸಾಕು, ನನಗೆ ಬೇರೆ ಉತ್ತರ ಬೇಡ.

ಇಂತು ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಭೌತಶಾಸ್ತ್ರ ಅಧ್ಯಾಪಕ