ಅನ್ನದ ಬಣ್ಣ ಹಳದಿ

ನಗೋಯಾ, ಜಪಾನ್, ಭಾನುವಾರ

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ?

ರೂಪಾ ಅನ್ನ ಬಿಟ್ಟಿದ್ದಾಳೆ ಅಂದೆಯಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. ಹಗಲೆಲ್ಲ ಸೌತೆಕಾಯಿ, ಗ್ರೀನ್ ಟೀ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಕ್ಕುಲಿ ಡಬ್ಬಿ ಖಾಲಿ. ಅದನ್ನು ಬಾಯಿಚಪಲ ಅನ್ನಬೇಡಮ್ಮ. ಹಗಲು ಬಾಯಿ ಕಟ್ಟಿದರೆ ರಾತ್ರಿ ಹೊಟ್ಟೆ ಬಡ್ಡಿ ಸೇರಿಸಿ ವಸೂಲಿ ಮಾಡುತ್ತದೆ. ಡಬ್ಬಿ ಅಟ್ಟಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಕೆಳಗೇ ಇಡು, ಸಾಯಂಕಾಲ ಕಾಫಿ ಜೊತೆ ಎಲ್ಲರೆದುರೇ ತಿನ್ನಲಿ.

ಪುಟ್ಟನ ಸ್ಕೂಲಿಂದ ತಿಂಗಳಿಗೊಂದು ಊಟದ ಪಟ್ಟಿ ಬರುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ದಿನದಿನದ ಅಡುಗೆ ಸಾಮಾನನ್ನು ಮೂರು ಬಣ್ಣಗಳಲ್ಲಿ ಹಂಚಿ ಬರೆದಿರುತ್ತಾರೆ. ಮೀನು, ಮೊಟ್ಟೆ, ಹಾಲು, ಸೋಯಾ ಕೆಂಪು. ಅವು ಮೈ ಬೆಳೆಸುವಂಥವು. ತರಕಾರಿ, ಹಣ್ಣು ಹಸಿರು. ಶಕ್ತಿ ಕೊಡುವ ಅನ್ನ, ಆಲೂಗಡ್ಡೆ ಹಳದಿ, ಎಣ್ಣೆ ಸಕ್ಕರೆಯೂ ಅಲ್ಲೇ. ತಿನ್ನಬಾರದ್ದು ಅಂತ ನಾಲ್ಕನೇ ಬಣ್ಣ ಇಲ್ಲ ನೋಡು, ನನಗೆ ಹಿಡಿಸಿದ್ದು ಅದು. ಊಟದ ತಿಳಿವಳಿಕೆ ಕೊಡುವುದಕ್ಕೆ ಅಂತಲೇ ಇಲ್ಲಿ 2005ರಲ್ಲಿ ಕಾನೂನು ಮಾಡಿದ್ದಾರೆ. ಮಕ್ಕಳೇ ಬಿಳಿ ಏಪ್ರನ್, ಟೋಪಿ ಹಾಕಿಕೊಂಡು ಬಡಿಸುತ್ತಾರೆ. ಪುಟ್ಟನ ಕ್ಲಾಸಿನಲ್ಲಿ ಜಾಸ್ತಿ ಅನಿಸಿದವರು ಶುರುವಿನಲ್ಲೇ ತೆಗೆಸಿಕೊಳ್ಳಬಹುದು, ಮಿಕ್ಕಿದ್ದು ಬೇಕಾದವರಿಗೆ. (ದನ, ಹಂದಿ ಇದ್ದ ದಿನ ಡಬ್ಬಿ ಕಟ್ಟುತ್ತೇನೆ, ಗಾಬರಿಯಾಗಬೇಡ.)

ಹಾಗಂತ ಇಲ್ಲಿಯವರೇನೂ ಗೆದ್ದುಬಿಟ್ಟಿಲ್ಲ. ಸಣ್ಣಗಾಗುವ ಹುಚ್ಚು ಇಲ್ಲಿನ ಹುಡುಗಿಯರಿಗೂ ಇದೆ. ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು ತೀರಾ ಸೊರಗುತ್ತಿದ್ದಾರೆ ಅಂತ ಸರ್ಕಾರವೇ ತಲೆಕೆಡಿಸಿಕೊಂಡಿದೆ.

ರೂಪಾಗೆ ಹೊಸ ಡಯಟ್ ಯಾಕೆ? ಮುದ್ದೆ, ಕಾಳು-ಸೊಪ್ಪಿನ ಬಸ್ಸಾರು, ಅದರದೇ ಪಲ್ಯ. ಮೂರೂ ಬಣ್ಣ ತಟ್ಟೆಯಲ್ಲೇ ಇವೆಯಲ್ವಾ? ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ಪಲ್ಯ ಒಂದು ಸೌಟು ಜಾಸ್ತಿ ಇರಲಿ, ಅನ್ನವೂ ಇರಲಿ. ಸಾಕು ಅಂದರೆ ಸಾಕು, "ಇನ್ನೊಂದ್ ಚೂರು" ಅಂತ ಸುರಿಯಬೇಡ. ಆಮೇಲೆ ಅತ್ತೆ ಬಂದು "ಗಂಡು ನೋಡೋಕೆ ಬರೋಷ್ಟರಲ್ಲಿ ಮೈ ಇಳಿಸ್ಕೋ" ಅಂದಾಗ ನೀನು ಸುಮ್ನೆ ನಗಬೇಡ. ಊಟಕ್ಕೆ ಕೂತಾಗ ಆ ಮಾತು ಬೇಡ ಅಂತ ನೇರವಾಗಿ ಹೇಳು. ಅತ್ತೆಗೆ ಬೇಜಾರಾದರೆ ಆಗಲಿ.

ಇನ್ನೊಂದು ಮಾತು. ತಿಂದ ತಕ್ಷಣ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು, ತಲೆ ತಿರುಗಿ ಬೀಳುವುದು, ಮುಟ್ಟು ನಿಲ್ಲುವುದು, ಹೀಗೇನಾದರೂ ಕಂಡರೆ ಕಾಯಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಮನಸ್ಸಿನ ವಿಷಯ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಅಂತ ಸರ್ಕಾರದ್ದಿದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬುಧವಾರ ರಾತ್ರಿ ಫೋನ್ ಮಾಡುತ್ತೇನೆ. ಮೊದಲು ರೂಪಾ ಕೈಗೆ ಕೊಡು. ತೂಕದ ಮಾತು ನಾನು ಎತ್ತಲ್ಲ ಅಂತ ಹೇಳಿರು.

ನಿನ್ನ,
ಸುಮಾ