ಹೆಸರು ಅಳಿಸಿದರೆ ಸಾಲದು: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ತಮಗೆ ಹೊಸ ವಿಷಯವಲ್ಲ. ಇಂಥದ್ದೇ ನೀರು ಇಥಿಯೋಪಿಯಾ, ಕೆನ್ಯಾ, ತಾಂಜಾನಿಯಾದ ರಿಫ್ಟ್ ಕಣಿವೆಯಲ್ಲೂ ಇದೆ. ಎಷ್ಟು ವರ್ಷ ಕುಡಿದರೆ ಮೂಳೆ ಬಾಗುತ್ತದೆ, ಊಟದಲ್ಲಿನ ಕ್ಯಾಲ್ಸಿಯಂ ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದು ಒಂದೇ ಜಿಲ್ಲೆಯ ಲೆಕ್ಕದಿಂದ ತಿಳಿಯುವುದು ಕಷ್ಟ. ಆದ್ದರಿಂದ ನಮ್ಮ ಜಿಲ್ಲೆಯ ರೋಗಿಗಳ ಮಾಹಿತಿಯನ್ನು ಫ್ಲೋರೈಡ್ ಅಧ್ಯಯನಕ್ಕಾಗಿ ವಿದೇಶಿ ಸಂಶೋಧಕರಿಗೆ ಕೊಡಲೇಬೇಡಿ ಎನ್ನುವವರು ನಾವಲ್ಲ. ನಮ್ಮ ತಕರಾರು ಇರುವುದು ‘ರೋಗಿಗಳ ಹೆಸರು ತೆಗೆದು ಕೊಡತಕ್ಕದ್ದು’ ಎಂಬ ಒಂದೇ ಷರತ್ತಿನ ಮೇಲೆ ಅದಕ್ಕೆ ಕೊಡುವ ಅನುಮತಿಯ ಬಗ್ಗೆ.

ಹೆಸರು ತೆಗೆದ ಎಕ್ಸೆಲ್ ಹಾಳೆಯಲ್ಲಿ ಇಂಥದೊಂದು ಸಾಲು ಇದೆ ಎಂದುಕೊಳ್ಳಿ: ಹೆಣ್ಣು, 62 ವರ್ಷ, ಗೊಲ್ಲರಹಟ್ಟಿ, ಎರಡೂ ಮೊಣಕಾಲು ಬಾಗಿವೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 3.47 ಮಿಲಿಗ್ರಾಂ. ಅರವತ್ತು ಮನೆಯ ಹಟ್ಟಿಯಲ್ಲಿ ಇದು ಯಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳುವುದೂ ಬೇಡ. ಹಟ್ಟಿಯ ಹೆಸರು ಅಳಿಸಿದರೂ 3.47 ಉಳಿದೇ ಇರುತ್ತದೆ. ನೀರಿನ ಪರೀಕ್ಷೆಯ ಪಟ್ಟಿ ಕೈಗೆ ಸಿಕ್ಕವರು ಆ ಅಂಕಿ ಹಿಡಿದು ಬೋರ್‌ವೆಲ್‌ಗೆ, ಅಲ್ಲಿಂದ ಹಟ್ಟಿಗೆ ಬರುತ್ತಾರೆ.

ಆದ್ದರಿಂದ ಬೋರ್‌ವೆಲ್ ಪಟ್ಟಿ ಮತ್ತು ರೋಗಿಗಳ ಪಟ್ಟಿಯನ್ನು ಜೋಡಿಸುವ ಕೆಲಸ ಜಿಲ್ಲೆಯಲ್ಲೇ ಮುಗಿಯಲಿ. ಹೊರಗೆ ಹೋಗುವ ಹಾಳೆಯಲ್ಲಿ ಫ್ಲೋರೈಡ್ ಶ್ರೇಣಿಯಾಗಿ ಮಾತ್ರ ಇರಲಿ: 1ರೊಳಗೆ, 1ರಿಂದ 1.5, 1.5ರಿಂದ 3, ಅದಕ್ಕೂ ಮೇಲೆ. ವಯಸ್ಸು ಐದೈದು ವರ್ಷದ ಗುಂಪಿನಲ್ಲಿರಲಿ. ತಪಾಸಣೆಯ ದಿನಾಂಕಗಳನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಅಂತರದಲ್ಲಿ, ಆದರೆ ಒಬ್ಬರ ಎಲ್ಲ ದಿನಾಂಕಗಳನ್ನೂ ಒಂದೇ ಅಂತರದಲ್ಲಿ ಸರಿಸಿದರೆ ಎರಡು ಭೇಟಿಗಳ ನಡುವಿನ ಅವಧಿ ಕೆಡುವುದಿಲ್ಲ. ಇಷ್ಟಾದ ಮೇಲೂ ಒಂದು ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನ ಉಳಿದರೆ ಪಕ್ಕದ ಗುಂಪಿಗೆ ಸೇರಿಸಬೇಕು. ಹಟ್ಟಿಗಳ ಮಟ್ಟಿಗೆ ಹತ್ತು ಎಂದು ಇಟ್ಟುಕೊಳ್ಳುವುದೇ ಮೇಲು. ಮನೆಯ ಜಿಪಿಎಸ್ ಅಂಕಿ (ಅಕ್ಷಾಂಶ-ರೇಖಾಂಶ) ಅಂತೂ ಬೇಡವೇ ಬೇಡ. ದಶಮಾಂಶದ ನಂತರ ಆರು ಅಂಕಿ ಇದ್ದರೆ ಗೇಣಿನಷ್ಟು ಜಾಗವನ್ನು ತೋರಿಸುತ್ತದೆ. ಎರಡಕ್ಕೆ ಇಳಿಸಿದರೂ ಸುಮಾರು ಒಂದು ಕಿಲೋಮೀಟರ್, ಅಷ್ಟರಲ್ಲಿ ಇರುವುದು ಒಂದೇ ಹಟ್ಟಿ.

ಎಲ್ಲರೂ ಮರೆಯುವುದು ಎಕ್ಸ್-ರೇ. ಎಕ್ಸ್-ರೇ ಚಿತ್ರ ಇರುವ ಡೈಕಾಮ್ ಎಂಬ ಬಗೆಯ ಫೈಲಿನ ಹೆಸರನ್ನು ‘ರೋಗಿ-001’ ಎಂದು ಬದಲಿಸಿದರೂ ಒಳಗೆ ಅಡಗಿರುವ ವಿವರಪಟ್ಟಿಯಾದ ಹೆಡರ್‌ನಲ್ಲಿ ರೋಗಿಯ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ಹೆಸರು ಹಾಗೇ ಕೂತಿರುತ್ತವೆ. ಹೆಡರ್ ತೊಳೆದರೂ ಕೆಲವು ಚಿತ್ರಗಳ ಮೂಲೆಯಲ್ಲೇ ಹೆಸರು ಅಚ್ಚಾಗಿರುತ್ತದೆ. ಅದನ್ನು ಮನುಷ್ಯರೇ ತೆರೆದು ನೋಡಬೇಕು.

ಮೊಬೈಲ್ ಸಂಖ್ಯೆಯನ್ನು ‘ಹ್ಯಾಶ್ ಮಾಡಿ’ (ಲೆಕ್ಕದ ಸೂತ್ರದಿಂದ ಬೇರೊಂದು ಅಕ್ಷರಸಾಲಾಗಿ ಬದಲಿಸಿ) ಗುರುತಿನ ಸಂಖ್ಯೆಯಾಗಿ ಕೊಡುತ್ತೇವೆ ಎಂದರೂ ಒಪ್ಪಬೇಡಿ. ಇರುವುದು ಹತ್ತೇ ಅಂಕಿ. ಸಾಧ್ಯವಿರುವ ಅಷ್ಟೂ ಸಂಖ್ಯೆಗಳನ್ನು ಸಾಧಾರಣ ಕಂಪ್ಯೂಟರ್ ಬೇಗನೆ ಹ್ಯಾಶ್ ಮಾಡಿ ಹೊಂದಿಸಿಬಿಡುತ್ತದೆ. ಯಾವ ಸಂಖ್ಯೆಯಿಂದಲೂ ಹುಟ್ಟದ, ಚೀಟಿ ಎತ್ತಿದಂಥ ಕೋಡ್ ಕೊಡಬೇಕು.

ಕಾನೂನು ನೋಡಿಕೊಳ್ಳುತ್ತದೆ ಎನ್ನುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ನಿಗದಿತ ಮಾನದಂಡ ಪಾಲಿಸುವ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ. ವಿದೇಶಿ ಸಹಯೋಗವಿದ್ದರೆ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಪತ್ರ ಮಾತ್ರ ಸಾಲದು. ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ, ಅಂದರೆ ಎಚ್‌ಎಂಎಸ್‌ಸಿ, ಕೊಟ್ಟ ಒಪ್ಪಿಗೆಯನ್ನೂ ಕೇಳಿ ಪಡೆಯಿರಿ. ಮಾಹಿತಿ ಮೂರನೆಯವರಿಗೆ ದಾಟಬಾರದು, ಯಾವ ದಿನಾಂಕಕ್ಕೆ ಅಳಿಸಬೇಕು ಎಂಬುದು ಒಪ್ಪಂದದಲ್ಲೇ ಇರಲಿ. ಸಾಧ್ಯವಾದಲ್ಲಿ ಹಾಳೆ ಹೊರಗೆ ಹೋಗುವುದೇ ಬೇಡ: ಅವರ ಲೆಕ್ಕದ ಪ್ರೋಗ್ರಾಂ ಇಲ್ಲಿಗೆ ಬಂದು ಓಡಲಿ, ಒಟ್ಟು ಫಲಿತಾಂಶದ ಕೋಷ್ಟಕ ಮಾತ್ರ ಹೋಗಲಿ.

ಕೋಡ್ ಯಾರದೆಂದು ಹೇಳುವ ಕೀಲಿಪಟ್ಟಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ, ಇಬ್ಬರು ಸೇರಿದರೆ ಮಾತ್ರ ತೆರೆಯುವಂತೆ ಇಡಿಸಿ. ಕೆಲಸ ಮುಗಿಯಿತೆಂದು ಕೂಡಲೇ ಸುಡಬೇಡಿ. ಯಾರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಕಂಡುಬಂತೋ ಅವರ ಮನೆಗೆ ತಿಳಿಸಲು ಪಿಎಚ್‌ಸಿ ವೈದ್ಯರಿಗೆ ಆ ಪಟ್ಟಿಯೇ ಬೇಕು.

ಇಂತಿ,
ಜಿಲ್ಲೆಯಲ್ಲಿ ಆರೋಗ್ಯ ಅಂಕಿಅಂಶದ ಕೆಲಸ ಮಾಡುವವರು
ಚಿತ್ರದುರ್ಗ