ತುರ್ತು ಬಾಗಿಲಿಗೆ ತೆಂಗಿನಕಾಯಿ ಮೂಟೆ

ಮಾನ್ಯ ಸಂಪಾದಕರೆ,

ಕಳೆದ ತಿಂಗಳು ಅಣ್ಣನ ಮಗಳ ಮದುವೆಗೆ ತಿಪಟೂರಿನಿಂದ ಧರ್ಮಸ್ಥಳಕ್ಕೆ ದಿಬ್ಬಣದ ಬಸ್ಸು ಗೊತ್ತುಮಾಡಿದವನು ನಾನೇ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನಿಗೆ ಚೌಕಾಸಿ ಚೆನ್ನಾಗಿ ಬರುತ್ತದೆ ಎಂದು ಮನೆಯವರ ನಂಬಿಕೆ. ಕಿಲೋಮೀಟರಿಗೆ ಎಷ್ಟು, ಚಾಲಕರ ಬ್ಯಾಟಾ ಯಾರದು, ಹಾಡು ಹಾಕಲು ಸ್ಪೀಕರ್ ಇದೆಯೇ ಎಂದೆಲ್ಲ ಕೇಳಿದೆ. ತುರ್ತು ಬಾಗಿಲು ತೆರೆಯುತ್ತದೆಯೇ ಎಂದು ಕೇಳಲಿಲ್ಲ.

ರಾತ್ರಿ ಹತ್ತೂವರೆಗೆ ಹೊರಟಾಗ 49 ಸೀಟಿನ ಬಸ್ಸಿನಲ್ಲಿ ಮಕ್ಕಳೂ ಸೇರಿ 63 ಜನ. ನಡುದಾರಿಯಲ್ಲಿ ಪ್ಲಾಸ್ಟಿಕ್ ಸ್ಟೂಲುಗಳು. ತಾಂಬೂಲಕ್ಕೆಂದು ತಂದ ಎರಡು ಮೂಟೆ ತೆಂಗಿನಕಾಯಿಯನ್ನು ತುರ್ತು ಬಾಗಿಲಿಗೆ ಒರಗಿಸಿ ಇಟ್ಟವನೂ ನಾನೇ. ಕಿಟಕಿಯ ಪಕ್ಕ ಗಾಜು ಒಡೆಯುವ ಸುತ್ತಿಗೆಯ ಕೊಕ್ಕೆ ಇತ್ತು, ಸುತ್ತಿಗೆ ಇರಲಿಲ್ಲ. ಯಾರೋ ಅದಕ್ಕೆ ಹೂವಿನ ಚೀಲ ನೇತುಹಾಕಿದ್ದರು. 'ಎಫ್‌ಸಿ ದಿನ ಎಲ್ಲವೂ ಇರುತ್ತದೆ ಸಾರ್' ಎಂದ ಕ್ಲೀನರ್. ವಾಹನದ ಯೋಗ್ಯತಾ ಪ್ರಮಾಣಪತ್ರಕ್ಕಾಗಿ ತಪಾಸಣೆ ನಡೆಯುವ ದಿನ ಎಂದು ಅರ್ಥ.

ಸಕಲೇಶಪುರದಲ್ಲಿ ಚಹಾಕ್ಕೆ ನಿಂತಾಗ ಚಾಲಕರು ಬಾಟಲಿ ನೀರನ್ನು ತಲೆಯ ಮೇಲೆಯೇ ಸುರಿದುಕೊಳ್ಳುತ್ತಿದ್ದರು. ಕೇಳಿದರೆ, ತಿರುಪತಿ ಟ್ರಿಪ್ ಮುಗಿಸಿ ಮಧ್ಯಾಹ್ನವಷ್ಟೇ ಬಂದದ್ದಂತೆ, ಮೂರು ತಾಸು ನಿದ್ದೆಯಾಗಿದೆಯಂತೆ. ಮುಂದೆ ಇದ್ದದ್ದು ಶಿರಾಡಿ ಘಾಟಿ. ಚಾಲಕರಿಗೆ ದಿನಕ್ಕೆ ಎಂಟು ತಾಸಿನ ದುಡಿಮೆ, ಐದು ತಾಸಿಗೊಮ್ಮೆ ಅರ್ಧ ತಾಸು ವಿರಾಮ ಎಂಬ ಕಾನೂನು 1961ರಲ್ಲೇ ಬಂತು. ಮದುವೆಯ ಸೀಸನ್ನಿನಲ್ಲಿ ಅದನ್ನು ಮಾಲೀಕರೂ ನೆನೆಯುವುದಿಲ್ಲ, ಬಾಡಿಗೆಗೆ ಹಿಡಿಯುವ ನಾವೂ ನೆನೆಯುವುದಿಲ್ಲ. ದಾರಿಯಲ್ಲಿ ಒಂದು ಕಡೆ ತಪಾಸಣೆಯವರು ತಡೆದು ಪರ್ಮಿಟ್ ನೋಡಿದರು. ಜನರನ್ನು ಎಣಿಸಲಿಲ್ಲ, ಹಿಂದಿನ ಬಾಗಿಲ ಕಡೆಗೆ ಟಾರ್ಚ್ ಬಿಡಲಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚುವರಿ ಪ್ರಯಾಣಿಕನಿಗೆ ತಲಾ 200 ರೂಪಾಯಿ ದಂಡವಿದೆ. ಅವರಿಗೆ ಬೇರೆ ವಾಹನದ ಏರ್ಪಾಡಾಗುವವರೆಗೆ ಬಸ್ಸು ಕದಲಬಾರದು ಎಂದೂ ಅದೇ ಕಲಮು ಹೇಳುತ್ತದೆ.

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಈಗಿನ ತೆಲಂಗಾಣದ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಬಳಿ ಮತ್ತೆ ಅಂಥದ್ದೇ ಬೆಂಕಿ. ಪ್ರತಿ ಸಲವೂ ಒಂದೆರಡು ವಾರ ತಪಾಸಣೆಯ ಭರಾಟೆ ಇರುತ್ತದೆ.

ಸಾರಿಗೆ ಇಲಾಖೆ ಒಂದು ಸಣ್ಣ ಕೆಲಸ ಮಾಡಲಿ. ಬಾಡಿಗೆಯ ರಸೀದಿಯ ಜೊತೆಗೆ ಒಂದು ಹಾಳೆ ಕಡ್ಡಾಯವಾಗಲಿ: ಚಾಲಕ ಯಾರು, ಹಿಂದಿನ ಟ್ರಿಪ್ ಎಷ್ಟು ಗಂಟೆಗೆ ಮುಗಿಯಿತು, ಎಫ್‌ಸಿ ಎಲ್ಲಿಯವರೆಗೆ. ಹೊರಡುವ ಮುನ್ನ ತುರ್ತು ಬಾಗಿಲನ್ನು ತೆರೆದು ತೋರಿಸಿ, ಬಾಡಿಗೆಗೆ ಹಿಡಿದವರ ಸಹಿ ಹಾಕಿಸಿಕೊಳ್ಳಲಿ. ಸಹಿ ಹಾಕಬೇಕೆಂದರೆ ನನ್ನಂಥವನೂ ಮೂಟೆ ಇಡುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ವಾಪಸು ಬರುವಾಗ ಹಟ ಹಿಡಿದು ಆ ಬಾಗಿಲನ್ನು ತೆರೆಸಿದೆ. ಚಿಲಕಕ್ಕೆ ತಂತಿ ಸುತ್ತಿತ್ತು. ಕ್ಲೀನರ್ ಇಕ್ಕಳ ತಂದು ಬಿಚ್ಚುವಷ್ಟರಲ್ಲಿ ಐದು ನಿಮಿಷ ದಾಟಿತು. ಬರುವ ಮಾಘದಲ್ಲಿ ತಂಗಿಯ ಮಗನ ಮದುವೆ. ಬಸ್ಸು ಗೊತ್ತುಮಾಡುವ ಕೆಲಸ ಮತ್ತೆ ನನ್ನ ಪಾಲಿಗೇ ಬಂದಿದೆ.

– ಒಬ್ಬ ಓದುಗ, ತಿಪಟೂರು